ಕಡಿಮೆ ಯೂರಿಯಾದ ಗೋಧಿ: ಹೊಲ ನೋಡಿ ಆರಿಸೋದಾ, ಡಿಎನ್‌ಎ ನೋಡಿ ಆರಿಸೋದಾ?

ಯೂರಿಯಾ ಚೀಲ 45 ಕಿಲೊ ತೂಗುತ್ತದೆ. ಅದರಲ್ಲಿ ಸಾರಜನಕ ಶೇ 46. ಅಂದರೆ ಚೀಲಕ್ಕೆ 20.7 ಕಿಲೊ. ಈಗ ಕಾಳಿನ ಕಡೆಯಿಂದ ಲೆಕ್ಕ ಹಾಕಿ. ಗೋಧಿಯ ಪ್ರೋಟೀನನ್ನು 5.7ರಿಂದ ಭಾಗಿಸಿದರೆ ಸಾರಜನಕ ಸಿಗುತ್ತದೆ. ಶೇ 12 ಪ್ರೋಟೀನ್ ಇರುವ ಒಂದು ಕ್ವಿಂಟಲ್ ಗೋಧಿಯಲ್ಲಿ ಸುಮಾರು 2.1 ಕಿಲೊ ಸಾರಜನಕ ಇರುತ್ತದೆ. ಹಾಗಾದರೆ ಒಂದು ಚೀಲ ಯೂರಿಯಾ ಪೂರ್ತಿ ಕಾಳಿಗೇ ಹೋದರೆ ಹತ್ತು ಕ್ವಿಂಟಲ್ ಗೋಧಿಗೆ ಸಾಕಾಗಬೇಕು.

ನವಲಗುಂದದ ಕಾಲುವೆ ಹೊಲದಲ್ಲಿ ನಿಂತು ಈ ಲೆಕ್ಕ ಹೇಳಿ ನೋಡಿ, ನಗುತ್ತಾರೆ. ಜಗತ್ತಿನ ಏಕದಳ ಧಾನ್ಯಗಳ ಲೆಕ್ಕವನ್ನು 1999ರಲ್ಲಿ ರಾನ್ ಮತ್ತು ಜಾನ್ಸನ್ ಹಾಕಿದಾಗ, ಕೊಟ್ಟ ಸಾರಜನಕದಲ್ಲಿ ಕಾಳಿಗೆ ಸೇರಿದ್ದು ಶೇ 33 ಮಾತ್ರ. ಉಳಿದದ್ದು ಗಾಳಿ, ನೀರು, ಮಣ್ಣು, ಹೊಟ್ಟಿನ ಪಾಲು.

ಈ ಸೋರಿಕೆಗೆ ಗೊಬ್ಬರದ ಕಡೆಯಿಂದಲೂ ಮದ್ದುಗಳಿವೆ. ಬೇವು ಲೇಪಿತ ಯೂರಿಯಾ ಬಂದಿದ್ದು ಅದಕ್ಕೇ. ಇಲ್ಲಿ ಬೀಜದ ಕಡೆಯ ಮದ್ದಿನ ಬಗ್ಗೆ ಮಾತ್ರ ಬರೆಯುತ್ತೇನೆ. ಧಾರವಾಡದಲ್ಲಿ ತಳಿಶಾಸ್ತ್ರ ಓದುವ ಹುಡುಗರು ವರ್ಷಕ್ಕೊಬ್ಬರಾದರೂ ಬಂದು ಕೇಳುತ್ತಾರೆ, "ಸರ್, ಥೀಸಿಸ್‌ಗೆ ಜೀನೋಮಿಕ್ ಪ್ರೆಡಿಕ್ಷನ್ ತಗೊಳ್ಳಲೇನ್ರಿ?" ಅಂತ. ಹೌದು ಅಂತಲೂ ಹೇಳೋಕಾಗಲ್ಲ, ಬೇಡ ಅಂತಲೂ ಹೇಳೋಕಾಗಲ್ಲ. ದಾರಿಗಳು ಮೂರಿವೆ: ಹೊಲದಲ್ಲಿ ಬೆಳೆದು ನೋಡಿ ಆರಿಸುವುದು, ಒಂದೆರಡು ಗೊತ್ತಿರುವ ಜೀನ್ ಹಿಡಿದು ಆರಿಸುವುದು, ಇಡೀ ಜೀನೋಮ್‌ನಲ್ಲಿ (ಗಿಡದ ಪೂರ್ತಿ ಡಿಎನ್‌ಎ) ಹರಡಿದ ಗುರುತು ಓದಿ ಅಂದಾಜು ಮಾಡಿ ಆರಿಸುವುದು. ಹುಡುಗರು ಕೇಳುವ ಜೀನೋಮಿಕ್ ಪ್ರೆಡಿಕ್ಷನ್ ಈ ಮೂರನೆಯದು. ಯಾವುದು ಯಾರಿಗೆ ಹೊಂದುತ್ತದೆ ಅಂತ ನೋಡೋಣ.

ಮೊದಲು ಗುಣ, ಆಮೇಲೆ ದಾರಿ

"ಸಾರಜನಕ ಚೆನ್ನಾಗಿ ಬಳಸುವ ಗೋಧಿ" ಅಂದರೆ ಏನು? ಹೆಚ್ಚಿನವರು ಇಲ್ಲೇ ಎಡವುತ್ತಾರೆ.

1982ರಲ್ಲಿ ಮೋಲ್ ಮತ್ತು ಜೊತೆಗಾರರು ಗೋವಿನಜೋಳದ ಮೇಲೆ ಕೆಲಸ ಮಾಡುತ್ತ ಒಂದು ಸರಳ ಸೂತ್ರ ಕೊಟ್ಟರು. ಬಂದ ಕಾಳನ್ನು, ಮಣ್ಣಿನಲ್ಲಿ ಸಿಗುವ ಸಾರಜನಕದಿಂದ ಭಾಗಿಸಿ. ಅದನ್ನು ಎರಡಾಗಿ ಒಡೆಯಬಹುದು. ಬೇರು ಮಣ್ಣಿನಿಂದ ಎಷ್ಟು ಎಳೆದುಕೊಂಡಿತು ಅನ್ನೋದು ಒಂದು. ಎಳೆದುಕೊಂಡ ಪ್ರತಿ ಕಿಲೊಗೆ ಎಷ್ಟು ಕಾಳು ಕೊಟ್ಟಿತು ಅನ್ನೋದು ಇನ್ನೊಂದು. ಒಂದು ಗಳಿಕೆ, ಇನ್ನೊಂದು ಸಂಸಾರ ತೂಗಿಸುವ ಜಾಣತನ.

ಒಂದು ಉದಾಹರಣೆ ನೋಡಿ. ಅಂಕಿ ನಾನೇ ಹಾಕಿದ್ದು, ಲೆಕ್ಕ ನಿಜ. ಒಂದು ಸಾಲು (ತಳಿ ಮಾಡುವವರು ಪರೀಕ್ಷಿಸುವ ಗೋಧಿಯ ಒಂದು ವಂಶ) ಹೆಕ್ಟೇರಿಗೆ 40 ಕ್ವಿಂಟಲ್ ಕೊಟ್ಟಿತು, ಪ್ರೋಟೀನ್ ಶೇ 12.6. ಪಕ್ಕದ ಸಾಲು 46 ಕ್ವಿಂಟಲ್ ಕೊಟ್ಟಿತು, ಪ್ರೋಟೀನ್ ಶೇ 11. ಗೆದ್ದದ್ದು ಯಾರು? ಕಾಳಿಗೆ ಸೇರಿದ ಸಾರಜನಕ ತೆಗೆಯಿರಿ. ಮೊದಲನೆಯದರಲ್ಲಿ 88.4 ಕಿಲೊ, ಎರಡನೆಯದರಲ್ಲಿ 88.8 ಕಿಲೊ. ಎರಡೂ ಒಂದೇ! ಎರಡನೆಯದು ಕಾಳಿಗೆ ಜಾಸ್ತಿ ಸಾರಜನಕವನ್ನೇನೂ ತರಲಿಲ್ಲ. ಅಷ್ಟನ್ನೇ ಜಾಸ್ತಿ ಹಿಟ್ಟಿನಲ್ಲಿ ಹರಡಿತು. ಸಾರಿಗೆ ನೀರು ಬೆರೆಸಿದ ಹಾಗೆ.

ಮೋಲ್ ಸೂತ್ರದಲ್ಲಿ ಎರಡನೆಯದೇ ಗೆಲ್ಲುತ್ತದೆ. ಎಪಿಎಂಸಿಯಲ್ಲೂ ಅದೇ ಗೆಲ್ಲುತ್ತದೆ, ಅಲ್ಲಿ ತೂಗುವುದು ಕ್ವಿಂಟಲ್ ತಾನೆ. ಆದರೆ ಶ್ಯಾವಿಗೆ ಹೊಸೆಯುವವರ ಮನೆಯಲ್ಲಿ ಸೋಲುತ್ತದೆ. ಎಳೆ ತುಂಡಾಗದೆ ಬರಬೇಕಾದರೆ ಹಿಟ್ಟಿಗೆ ಅಂಟು ಬೇಕು, ಅಂಟು ಬರೋದು ಪ್ರೋಟೀನಿನಿಂದ. ಸುಮ್ನೆ "ಬಳಕೆ ದಕ್ಷತೆ" ಅಂತ ಒಂದೇ ಅಂಕಿಯ ಹಿಂದೆ ಬಿದ್ದರೆ ನಾಲ್ಕು ಸುತ್ತಿನ ಆಯ್ಕೆಯಲ್ಲಿ ಪ್ರೋಟೀನ್ ಸದ್ದಿಲ್ಲದೆ ಇಳಿದಿರುತ್ತದೆ.

ನನ್ನ ಸಲಹೆ ಏನೆಂದರೆ ಎರಡು ಅಂಕಿ ಇಟ್ಟುಕೊಳ್ಳಿ. ಕಡಿಮೆ ಗೊಬ್ಬರದಲ್ಲಿ ಬಂದ ಇಳುವರಿ ಒಂದು. ಆ ಇಳುವರಿಗೆ ಇರಬೇಕಾದ ಪ್ರೋಟೀನಿಗಿಂತ ಎಷ್ಟು ಮೇಲಿದೆ ಅನ್ನುವುದು ಇನ್ನೊಂದು. ಇಳುವರಿ ಏರಿದ ಹಾಗೆ ಪ್ರೋಟೀನ್ ಇಳಿಯುತ್ತದೆ. ಎಲ್ಲ ಸಾಲುಗಳನ್ನೂ ಒಂದು ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದರೆ ಗೆರೆಗಿಂತ ಮೇಲೆ ಕೂತ ಚುಕ್ಕಿಗಳು ಕಾಣುತ್ತವೆ. ನಿಮಗೆ ಬೇಕಾದವು ಅವು.

ಹೊಲದ ದಾರಿ

ಇದು ಹಳೆಯ ದಾರಿ. ಒಂದೇ ಸಾಲನ್ನು ಪೂರ್ತಿ ಗೊಬ್ಬರದಲ್ಲೂ ಕಡಿಮೆ ಗೊಬ್ಬರದಲ್ಲೂ ಬೆಳೆದು ತೂಗುವುದು. ಸುಲಭ ಅನಿಸುತ್ತದೆ. ತಾಕುಗಳನ್ನು ಎಣಿಸಿ ನೋಡಿ: ಎರಡು ಗೊಬ್ಬರದ ಮಟ್ಟ, ಎರಡು ಊರು, ಎರಡೆರಡು ಸಲ. ಒಂದು ಸಾಲಿಗೆ ಎಂಟು ತಾಕು. ಇನ್ನೂರು ಸಾಲಿಗೆ 1600 ತಾಕು. ಪ್ರತಿ ತಾಕಿನ ಕೊಯ್ಲು, ಒಕ್ಕಣೆ, ತೂಕ, ಮತ್ತೆ ಕಾಳು ಬೀಸಿ ಸಾರಜನಕದ ಪರೀಕ್ಷೆ. ಫೆಬ್ರವರಿ ಮುಗಿಯುವ ಹೊತ್ತಿಗೆ ಕೆಲಸಕ್ಕೆ ಆಳು ಸಿಗಲ್ಲ, ನಿಮ್ಮ ಬೆನ್ನೂ ಉಳಿದಿರಲ್ಲ.

ಕಷ್ಟ ಇನ್ನೂ ಒಂದಿದೆ. ಗೊಬ್ಬರ ಕಡಿಮೆಯಾದಾಗ ಮಣ್ಣಿನ ಸಣ್ಣ ಸಣ್ಣ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಹಿಂದೆ ಎಲ್ಲೋ ತಿಪ್ಪೆ ಇದ್ದ ಜಾಗದ ತಾಕು ಎದ್ದು ನಿಲ್ಲುತ್ತದೆ. ತಳಿಯ ಗುಣ ಯಾವುದು, ನೆಲದ ಗುಣ ಯಾವುದು ಅಂತ ಬೇರೆ ಮಾಡೋದು ಕಷ್ಟ.

ಒಂದು ವರ್ಷ ನಾನೇ ಮಾಡಿದ ಎಡವಟ್ಟು ಹೇಳುತ್ತೇನೆ. ಕಡಿಮೆ ಸಾರಜನಕದ ತಾಕಿಗೆ ಅಂತ ಎರೆ ಹೊಲದ ಒಂದು ಪಟ್ಟಿ ಹಿಡಿದೆ. ಗೊಬ್ಬರ ಒಂದು ಹರಳೂ ಹಾಕಲಿಲ್ಲ. ಮುಂಗಾರಿಗೆ ಅಲ್ಲಿ ಏನಿತ್ತು ಅಂತ ಕೇಳಲೂ ಇಲ್ಲ. ಡಿಸೆಂಬರ್ ಕೊನೆಗೆ ಹೋಗಿ ನೋಡಿದರೆ ಗೊಬ್ಬರ ಹಾಕಿದ್ದೂ ಹಾಕದ್ದೂ ಒಂದೇ ಹಸಿರು. ಬದುವಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ ಅಜ್ಜ ಒಬ್ಬರು, "ಸಾಹೇಬ್ರ, ಇಲ್ಲಿ ಹೆಸರು ಇತ್ತಲ್ರಿ. ಕಾಯಿ ಬಿಡಿಸ್ಕೊಂಡು ಉಳಿದದ್ದನ್ನ ಅಲ್ಲೇ ಹರಗಿದ್ವಿ" ಅಂದರು. ನವಲಗುಂದ, ಅಣ್ಣಿಗೇರಿ ಕಡೆ ಮುಂಗಾರಿಗೆ ಹೆಸರು ಬಿತ್ತಿ ಹಿಂಗಾರಿಗೆ ಗೋಧಿಯೋ ಕಡಲೆಯೋ ಬಿತ್ತೋದು ರೂಢಿ. ಹೆಸರಿನ ಗಿಡ ಮಣ್ಣಿಗೆ ಸೇರಿದರೆ ಅದೇ ಗೊಬ್ಬರ. ಒಂದು ಹಂಗಾಮಿನ ಕೆಲಸ ಹೋಯಿತು. ಆ ದತ್ತಾಂಶವನ್ನು ಯಾವ ಕಂಪ್ಯೂಟರಿಗೆ ಕೊಟ್ಟಿದ್ದರೂ ಉಪಯೋಗ ಇರಲಿಲ್ಲ.

ಮಳೆ ಆಶ್ರಿತ ಎರೆ ಹೊಲದ ಮಾತೇ ಬೇರೆ. ಅಲ್ಲಿ ಮೇಲ್ಮಣ್ಣು ಬೇಗ ಒಣಗುತ್ತದೆ. ಮೇಲುಗೊಬ್ಬರ ಚೆಲ್ಲಿದರೆ ಮಳೆಯಿಲ್ಲದೆ ಅಲ್ಲೇ ಕೂರುತ್ತದೆ. ಬೇರು ಆಳದ ಹಸಿಯಲ್ಲಿರುತ್ತದೆ. ಹೀಗಾಗಿ ನಮ್ಮ ಒಣ ಬೇಸಾಯದ ಗೋಧಿಯಲ್ಲಿ ಸಾರಜನಕದ ಸಮಸ್ಯೆ ಅರ್ಧಕ್ಕರ್ಧ ನೀರಿನ ಸಮಸ್ಯೆ. ನೀರಾವರಿ ತಾಕಿನಲ್ಲಿ ಆರಿಸಿದ ಸಾಲು ಅಲ್ಲಿ ಗೆಲ್ಲುತ್ತದೆ ಅಂತ ಲೆಕ್ಕ ಹಾಕಬೇಡಿ. ಎರಡಕ್ಕೂ ಬೇರೆ ಬೇರೆ ಪ್ರಯೋಗ ಇಡಿ, ಇಲ್ಲವೇ ಒಂದನ್ನು ಬಿಟ್ಟುಬಿಡಿ.

ಒಂದೆರಡು ಜೀನ್ ಹಿಡಿಯುವ ದಾರಿ

ಕೆಲವು ಗುಣಗಳ ಬೀಗಕ್ಕೆ ಒಂದೇ ಕೀಲಿಕೈ ಇರುತ್ತದೆ. ಅಂಥ ಕಡೆ ಜೀನೋಮ್ ಪೂರ್ತಿ ಓದುವ ಗೋಜು ಬೇಡ. ಆ ಜೀನ್ ಇದೆಯಾ ಅಂತ ಡಿಎನ್‌ಎಯ ಗುರುತಿನಿಂದ ಹೇಳುವ ಒಂದು ಮಾರ್ಕರ್ ಪರೀಕ್ಷೆ ಸಾಕು.

ಕಾಳಿನ ಪ್ರೋಟೀನಿಗೆ ಜಿಪಿಸಿ-ಬಿ1 ಅನ್ನುವ ಜೀನ್ ಇದೆ. ಬಂದಿದ್ದು ಕಾಡು ಎಮ್ಮರ್ ಗೋಧಿಯಿಂದ, ಗುರುತು ಹಿಡಿದಿದ್ದು 2006ರಲ್ಲಿ. ಅದು ಎಲೆಯನ್ನು ಬೇಗ ಹಣ್ಣು ಮಾಡಿ ಅದರಲ್ಲಿದ್ದ ಸಾರಜನಕ, ಸತು, ಕಬ್ಬಿಣವನ್ನು ಕಾಳಿಗೆ ಸಾಗಿಸುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮಲ್ಲಿ ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಏರಿ ಗೋಧಿ ಮೊದಲೇ ಅವಸರ ಮಾಡುತ್ತದೆ. ಆಗ ಎಲೆ ಇನ್ನೂ ಬೇಗ ಒಣಗಿದರೆ ಕಾಳು ಸಣ್ಣಗಾಗುವ ಭಯ ಇದೆ. ಹಾಗಾಗಿ ಇದನ್ನು ಕಣ್ಣು ಮುಚ್ಚಿ ತರಬಾರದು ಅಂತ ನನ್ನ ಅಭಿಪ್ರಾಯ.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಇನ್ನೊಂದು. 2021ರಲ್ಲಿ ಜಪಾನಿನ ಜಿರ್ಕಾಸ್ ಸಂಸ್ಥೆ ಮತ್ತು ಮೆಕ್ಸಿಕೋದ ಸಿಮಿಟ್ ವಿಜ್ಞಾನಿಗಳು ಲೈಮಸ್ ಅನ್ನುವ ಕಾಡುಹುಲ್ಲಿನ ಕ್ರೋಮೋಸೋಮಿನ ಒಂದು ತುಂಡನ್ನು ಗೋಧಿಗೆ ತಂದದ್ದನ್ನು ಪ್ರಕಟಿಸಿದರು. ಆ ಗೋಧಿಯ ಬೇರಿನಿಂದ ಒಸರುವ ರಸ ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಅವು ಅಮೋನಿಯಂ ಅನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ. ನೈಟ್ರೇಟ್ ನೀರಿನ ಜೊತೆ ಹರಿದುಹೋಗುತ್ತದೆ, ಅಮೋನಿಯಂ ಜೇಡಿಯನ್ನು ಹಿಡಿದು ಕೂರುತ್ತದೆ. ಮಲಪ್ರಭಾ ಕಾಲುವೆಯ ನೀರು ನಿಲ್ಲುವ ಎರೆ ಹೊಲಕ್ಕೆ ಇಂಥದ್ದು ಹೊಂದಬಹುದು. ಗುಣ ಒಂದೇ ತುಂಡಿನಲ್ಲಿ ಇರೋದರಿಂದ ಮಾರ್ಕರ್ ಹಿಡಿದು ನಮ್ಮ ತಳಿಯ ಜೊತೆ ಮತ್ತೆ ಮತ್ತೆ ಸಂಕರ (ಹಿಮ್ಮರಳಿ ಸಂಕರ) ಮಾಡಿದರೆ ಮುಗಿಯಿತು. ಇದಕ್ಕೆ ಜೀನೋಮಿಕ್ ಪ್ರೆಡಿಕ್ಷನ್ ತರೋದು ಸೊಳ್ಳೆ ಹೊಡೆಯೋಕೆ ಕೊಡಲಿ ತಂದ ಹಾಗೆ.

ಸಾರಜನಕ ಬಳಕೆಯ ಉಳಿದ ಭಾಗ ಹೀಗಿಲ್ಲ. ಬೇರಿನ ಆಳ, ತೆಂಡೆ ಎಷ್ಟು, ಎಲೆ ಎಷ್ಟು ದಿನ ಹಸಿರು, ತೆನೆಯ ತೂಕ, ಎಲ್ಲವೂ ಸೇರಿ ಆಗುವ ಗುಣ ಅದು. ಹಿಂದೆ ನೂರಾರು ಜೀನ್‌ಗಳು, ಒಂದೊಂದರದ್ದೂ ಚೂರು ಚೂರು ಕೆಲಸ.

ಸುಳಿ ಎಣಿಸುವ ದಾರಿ

ಹಾವೇರಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವ ಹಿರಿಯರನ್ನು ನೋಡಿದ್ದೀರಾ? ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ಆಮೇಲೆ ಮೈಮೇಲಿನ ಸುಳಿ ಹುಡುಕುತ್ತಾರೆ. ಈ ಸುಳಿ ಇದ್ದರೆ ಒಳ್ಳೇದು, ಆ ಸುಳಿ ಇದ್ದರೆ ಮನೆಗೆ ಆಗಿಬರಲ್ಲ ಅಂತ. ಅದು ನಂಬಿಕೆ. ಈಗ ಅದೇ ಕೆಲಸವನ್ನು ಲೆಕ್ಕ ಇಟ್ಟು ಮಾಡಿದರೆ? ಮುನ್ನೂರು ಎತ್ತುಗಳ ಮೈಮೇಲಿನ ಎಲ್ಲ ಸುಳಿ ಬರೆದುಕೊಂಡು, ಪ್ರತಿ ಎತ್ತು ದಿನಕ್ಕೆ ಎಷ್ಟು ಉಳುಮೆ ಮಾಡಿತು ಅಂತ ಅಳೆದು, ಯಾವ ಸುಳಿಗೆ ಎಷ್ಟು ಬೆಲೆ ಅಂತ ಗಣಿತದಿಂದ ತೆಗೆದರೆ?

ಜೀನೋಮಿಕ್ ಪ್ರೆಡಿಕ್ಷನ್ ಅಂದರೆ ಇದೇ. ಸುಳಿಯ ಬದಲು ಡಿಎನ್‌ಎಯ ಸಾವಿರಾರು ಗುರುತುಗಳು. ಕೆಲವು ನೂರು ಸಾಲುಗಳನ್ನು ಹೊಲದಲ್ಲಿ ಅಳೆದು ಪ್ರತಿ ಗುರುತಿಗೂ ಸಣ್ಣ ಬೆಲೆ ಕಟ್ಟುತ್ತೀರಿ. ಆಮೇಲೆ ಹೊಸ ಸಸಿಯ ಒಂದು ಎಲೆ ಕಿತ್ತು, ಗುರುತು ಓದಿ, ಬೆಲೆಗಳನ್ನು ಕೂಡಿದರೆ ಆ ಗಿಡದ ಅಂದಾಜು ಸಿಗುತ್ತದೆ. ಈ ವಿಚಾರವನ್ನು 2001ರಲ್ಲಿ ಮ್ಯೂವಿಸನ್, ಹೇಯ್ಸ್, ಗೊಡಾರ್ಡ್ ಮುಂದಿಟ್ಟರು. ಮೊದಲು ದೊಡ್ಡದಾಗಿ ಬಳಸಿದ್ದು ಗೋಧಿಯಲ್ಲಲ್ಲ, ಹಾಲಿನ ದನಗಳಲ್ಲಿ. ಹೋರಿ ಹಾಲು ಕೊಡಲ್ಲವಲ್ಲ! ಅದರ ಮಗಳು ಕರು ಹಾಕುವ ತನಕ ಕಾಯಬೇಕಿತ್ತು. 2009ರಲ್ಲಿ ಅಮೆರಿಕ ಅದನ್ನು ಅಧಿಕೃತವಾಗಿ ಒಪ್ಪಿಕೊಂಡಿತು.

ಲಾಭ ಇರೋದು ಕಾಲದಲ್ಲಿ. ಹೊಲದ ಆಯ್ಕೆಯ ನಿಖರತೆ 0.6 (1 ಅಂದರೆ ಪೂರ್ತಿ ಸರಿ), ಒಂದು ಸುತ್ತಿಗೆ ಐದು ವರ್ಷ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 0.12. ಡಿಎನ್‌ಎ ಅಂದಾಜಿನ ನಿಖರತೆ 0.4 ಮಾತ್ರ, ಆದರೆ ಸುತ್ತು ಎರಡೇ ವರ್ಷ. ವರ್ಷಕ್ಕೆ 0.2. ಕಡಿಮೆ ನಿಖರವಾದದ್ದೇ ಗೆದ್ದಿತು. ಅದೇ ನಿಖರತೆ 0.2ಕ್ಕೆ ಇಳಿದರೆ ವರ್ಷಕ್ಕೆ 0.1, ಸೋತಿತು. ಈ ಲೆಕ್ಕದಲ್ಲಿ ಗೆರೆ ಇರೋದು 0.24ರಲ್ಲಿ. ನಿಮ್ಮ ಕಾರ್ಯಕ್ರಮದ ವರ್ಷಗಳನ್ನು ಹಾಕಿ ನಿಮ್ಮ ಗೆರೆ ಕಂಡುಕೊಳ್ಳಿ. ಸುತ್ತಿನ ಕಾಲ ಕಡಿಮೆ ಮಾಡದೆ ಡಿಎನ್‌ಎ ಗುರುತು ಓದುವ ಚಿಪ್ಪಿಗೆ (ಚಿಪ್) ದುಡ್ಡು ಹಾಕಿದರೆ ಅದು ಬರೀ ಖರ್ಚು.

ಸುತ್ತು ಚಿಕ್ಕದು ಮಾಡೋದು ಹೇಗೆ? ನಮ್ಮಲ್ಲಿ ಗೋಧಿ ವರ್ಷಕ್ಕೆ ಒಂದೇ ಬೆಳೆ. ಅದಕ್ಕೇ ತಳಿ ಮಾಡುವವರು ಬೇಸಿಗೆ-ಮಳೆಗಾಲದಲ್ಲಿ ಬೀಜವನ್ನು ನೀಲಗಿರಿಯ ವೆಲಿಂಗ್ಟನ್ನಿಗೋ ಹಿಮಾಚಲದ ದಲಂಗ್ ಮೈದಾನಕ್ಕೋ ಕಳಿಸಿ ಇನ್ನೊಂದು ಪೀಳಿಗೆ ತೆಗೆಯುತ್ತಾರೆ. ಅಲ್ಲಿನ ತಂಪಿನಲ್ಲಿ ಬೆಳೆದ ಗಿಡ ನೋಡಿ ಧಾರವಾಡದ ಸಾರಜನಕದ ಗುಣ ಹೇಳೋಕಾಗಲ್ಲ. ಎಲೆ ಕಿತ್ತು ಡಿಎನ್‌ಎ ನೋಡಿ ಹೇಳಬಹುದು. ವೆಲಿಂಗ್ಟನ್ನಿನಲ್ಲಿ ತುಕ್ಕು ರೋಗ ತಾನಾಗಿಯೇ ಬರುತ್ತದೆ, ರೋಗಕ್ಕೆ ಬೀಳುವ ಗಿಡಗಳೂ ಅಲ್ಲೇ ಕಳಚುತ್ತವೆ. ಸುಮ್ನೆ ಬೀಜ ಹೆಚ್ಚಿಸೋಕೆ ಹೋದ ಹಂಗಾಮು ಆಯ್ಕೆಯ ಹಂಗಾಮೂ ಆಗುತ್ತದೆ. ಮೂರನೇ ದಾರಿಯ ನಿಜವಾದ ಬಲ ಇದು ಅಂತ ನನಗನಿಸುತ್ತದೆ.

ದೋಷವೂ ಎತ್ತಿನ ಸಂತೆಯದ್ದೇ. ಕಿಲಾರಿ ಎತ್ತುಗಳಲ್ಲಿ ಕಟ್ಟಿದ ಸುಳಿಯ ಬೆಲೆ ಮಲೆನಾಡು ಗಿಡ್ಡಕ್ಕೆ ಹೊಂದಲ್ಲ. ಬೆಲೆ ಕಟ್ಟಲು ಹೊಲದಲ್ಲಿ ಅಳೆದ ಸಾಲುಗಳಿಗೆ, ಅಂದರೆ ತರಬೇತಿ ಗುಂಪಿಗೆ, ನೆಂಟಸ್ತನ ಇಲ್ಲದ ಸಂಕರಕ್ಕೆ ಅಂದಾಜು ಕುಸಿಯುತ್ತದೆ. ಹಾಗಾಗಿ ನಿಖರತೆ ಅಳೆಯುವಾಗ ಮೋಸ ಹೋಗಬೇಡಿ. ಎಲ್ಲ ಸಾಲುಗಳನ್ನು ಕಲಸಿ ಐದು ಭಾಗ ಮಾಡಿ ಪರೀಕ್ಷಿಸಿದರೆ ಅಣ್ಣ ಒಂದು ಭಾಗದಲ್ಲಿ, ತಮ್ಮ ಇನ್ನೊಂದರಲ್ಲಿ ಇರುತ್ತಾರೆ. ಅಣ್ಣನನ್ನು ನೋಡಿ ತಮ್ಮನನ್ನು ಹೇಳೋದು ಏನು ಮಹಾ? ಒಂದು ಕುಟುಂಬವನ್ನೇ ಪೂರ್ತಿ ಹೊರಗಿಡಿ. ಒಂದು ವರ್ಷವನ್ನೇ ಹೊರಗಿಡಿ. ಆಗ ಬಂದ ಅಂಕಿಯನ್ನು ಮೇಲಿನ ಲೆಕ್ಕಕ್ಕೆ ಹಾಕಿ.

ಚಿಪ್ಪಾ, ಜಿಬಿಎಸ್ಸಾ?

ಚಿಪ್ಪಿನಲ್ಲಿ ಓದಬೇಕಾದ ಗುರುತುಗಳು ಮೊದಲೇ ಗೊತ್ತು. ಗೋಧಿಗೆ 35 ಸಾವಿರ, 90 ಸಾವಿರ ಗುರುತಿನ ಚಿಪ್ಪುಗಳಿವೆ. ಈ ವರ್ಷದ್ದೂ ಹೋದ ವರ್ಷದ್ದೂ ಒಂದೇ ಗುರುತುಗಳು, ಸುಲಭವಾಗಿ ಜೋಡಿಸಬಹುದು. ಜಿಬಿಎಸ್‌ನಲ್ಲಿ (ಜೀನೋಟೈಪಿಂಗ್ ಬೈ ಸೀಕ್ವೆನ್ಸಿಂಗ್) ಡಿಎನ್‌ಎಯನ್ನು ಕತ್ತರಿಸಿ ಸಿಕ್ಕ ತುಂಡುಗಳನ್ನು ಓದುತ್ತಾರೆ. ಖರ್ಚು ಸಾಮಾನ್ಯವಾಗಿ ಕಡಿಮೆ, ಆದರೆ ತುಂಬಾ ಖಾಲಿ ಜಾಗ ಉಳಿಯುತ್ತವೆ, ಅವನ್ನು ಊಹಿಸಿ ತುಂಬಬೇಕು. ಕಂಪ್ಯೂಟರ್ ಕೆಲಸ ಬಲ್ಲವರು ಪಕ್ಕದಲ್ಲಿ ಇಲ್ಲದಿದ್ದರೆ ಚಿಪ್ಪೇ ವಾಸಿ. ಗುರುತು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಲೂ ಇಲ್ಲ. ಒಂದೇ ಕಾರ್ಯಕ್ರಮದ ಸಾಲುಗಳಿಗೆ ಚೆನ್ನಾಗಿ ಹರಡಿದ ಕೆಲವು ಸಾವಿರ ಸಾಕು.

ಒಂದು ವಿಷಯ ಮಾತ್ರ ಮರೆಯಬೇಡಿ. ಚಪಾತಿ ಗೋಧಿಯಲ್ಲಿ ಎ, ಬಿ, ಡಿ ಅಂತ ಮೂರು ಜೀನೋಮ್, 42 ಕ್ರೋಮೋಸೋಮ್. ಡ್ಯೂರಂನಲ್ಲೂ ನಮ್ಮ ಜವೆ ಗೋಧಿಯಲ್ಲೂ ಎ, ಬಿ ಎರಡೇ, 28 ಕ್ರೋಮೋಸೋಮ್. ಚಪಾತಿ ಗೋಧಿಗೆ ಮಾಡಿದ ಚಿಪ್ಪು ತಂದರೆ ಡಿ ಜೀನೋಮಿನ ಗುರುತುಗಳೆಲ್ಲ ದಂಡ. ಅಂಗಡಿಯಲ್ಲಿ ಮೂರು ಕೊಂಡು ಎರಡು ಮನೆಗೆ ತಂದ ಹಾಗೆ.

ಗಣಿತದ ಮಾದರಿ ಯಾವುದು ಅಂತ ಹುಡುಗರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎಲ್ಲ ಗುರುತಿಗೂ ಸಣ್ಣ ಬೆಲೆ ಕಟ್ಟುವ ಸರಳ ಮಾದರಿ ಜಿ-ಬ್ಲಪ್, ಅದರಿಂದ ಶುರು ಮಾಡಿ. ಬೇಯ್ಸ್, ಡೀಪ್ ಲರ್ನಿಂಗ್ ಎಲ್ಲ ಆಮೇಲೆ. ಇಂಥ ಚೂರು ಚೂರು ಜೀನ್‌ಗಳ ಗುಣಕ್ಕೆ ವ್ಯತ್ಯಾಸ ಸಾಮಾನ್ಯವಾಗಿ ಸಣ್ಣದು. ಅದಕ್ಕಿಂತ ಕೆಲಸಕ್ಕೆ ಬರೋದು ಎರಡು. ಜನವರಿಯಲ್ಲಿ ಬೆಳೆಯ ಹಸಿರನ್ನು ಎನ್‌ಡಿವಿಐ ಸಾಧನದಿಂದ ಅಳೆದು ಇಳುವರಿಯ ಜೊತೆ ಸೇರಿಸುವುದು ಒಂದು, ಅದು ಅಗ್ಗ, ಬೇಗ. ಎಲ್ಲ ಸಾಲುಗಳನ್ನೂ ಎಲ್ಲ ಕಡೆ ಬಿತ್ತದೆ ಹಂಚಿ ಬಿತ್ತುವುದು ಇನ್ನೊಂದು. ಅದೇ 1600 ತಾಕಿನಲ್ಲಿ ಸಾಲಿಗೆ ನಾಲ್ಕರಂತೆ ನಾನೂರು ಸಾಲು ಹಿಡಿಯುತ್ತವೆ. ಒಂದು ಸಾಲು ಇಲ್ಲದ ಊರಿನಲ್ಲಿ ಅದರ ನೆಂಟರು ಇರುತ್ತಾರೆ, ಮಾದರಿ ಅವರಿಂದ ಲೆಕ್ಕ ತೆಗೆಯುತ್ತದೆ.

ಯಾರಿಗೆ ಯಾವುದು

ಎಂ.ಎಸ್ಸಿ. ವಿದ್ಯಾರ್ಥಿಗೆ ಸಿಗೋದು ಎರಡು ಹಿಂಗಾರು, ಅದರಲ್ಲಿ ಒಂದು ಪಾಠ-ಪರೀಕ್ಷೆಯಲ್ಲೇ ಹೋಗುತ್ತದೆ. ಅಷ್ಟರಲ್ಲಿ ಹೊಸ ತರಬೇತಿ ಗುಂಪು ಕಟ್ಟೋಕೆ ಹೋಗಬೇಡಿ. ವಿಭಾಗದಲ್ಲಿ ಮೊದಲೇ ಚಿಪ್ಪು ಹಾಕಿದ ಸಾಲುಗಳಿದ್ದರೆ ಅವನ್ನೇ ಕಡಿಮೆ ಗೊಬ್ಬರದಲ್ಲಿ ಬೆಳೆದು, ಹಸಿರಿನ ಅಳತೆ ಸೇರಿಸಿದರೆ ಅಂದಾಜು ಸುಧಾರಿಸುತ್ತದಾ ಅಂತ ಒಂದೇ ಪ್ರಶ್ನೆ ಕೇಳಿ.

ವರ್ಷಾವರ್ಷ ಸಂಕರ ಮಾಡುವ, ಹಳೆಯ ದಾಖಲೆ ಇರುವ ಕಾರ್ಯಕ್ರಮಕ್ಕೆ ಮೂರನೇ ದಾರಿ ಹೊಂದುತ್ತದೆ, ಜರಡಿಯಾಗಿ. ಸಾವಿರ ಸಸಿಗಳಲ್ಲಿ ಕೆಳಗಿನ ಮುಕ್ಕಾಲು ಪಾಲು ಜಾಡಿಸಲು ಡಿಎನ್‌ಎ, ಉಳಿದವಕ್ಕೆ ಹೊಲ. ಜರಡಿಯ ಕಣ್ಣು ತೀರಾ ಸಣ್ಣ ಮಾಡಬೇಡಿ. 0.4 ನಿಖರತೆಯಲ್ಲಿ ಮೇಲಿನ ಐದು ಗಿಡ ಮಾತ್ರ ಇಟ್ಟುಕೊಂಡರೆ ಒಳ್ಳೆಯದು ಜಾರಿಹೋಗುವ ಸಾಧ್ಯತೆ ಜಾಸ್ತಿ. ಪ್ರತಿ ವರ್ಷ ಹೊಲಕ್ಕೆ ಹೋದ ಸಾಲುಗಳ ಲೆಕ್ಕವನ್ನು ತರಬೇತಿ ಗುಂಪಿಗೆ ಸೇರಿಸುತ್ತಾ ಹೋಗಿ.

ಜವೆ ಗೋಧಿಗೆ, ಕೆಲವರು ಸದಕ ಅನ್ನುತ್ತಾರಲ್ಲ ಅದಕ್ಕೆ, ಸದ್ಯಕ್ಕೆ ನಾನು ಹೊಲದ ದಾರಿಯನ್ನೇ ಹೇಳುತ್ತೇನೆ. ಡಿಡಿಕೆ 1025, ಡಿಡಿಕೆ 1029ರಂಥ ಗಿಡ್ಡ ತಳಿಗಳು ಧಾರವಾಡದಿಂದಲೇ ಬಂದಿವೆ. ಅವುಗಳ ಜೊತೆ ಹಳ್ಳಿಗಳಲ್ಲಿ ಉಳಿದ ಎತ್ತರದ ನಾಟಿಗಳನ್ನೂ ಸೇರಿಸಿ ಐವತ್ತು-ಅರವತ್ತು ಸಾಲನ್ನು ಕಡಿಮೆ ಗೊಬ್ಬರದಲ್ಲಿ ಎರಡು ವರ್ಷ ಬೆಳೆದು ನೋಡಿದರೆ ಚಿಪ್ಪಿಗಿಂತ ಹೆಚ್ಚು ತಿಳಿಯುತ್ತದೆ.

ಮೂರರಲ್ಲಿ ಯಾವುದನ್ನೇ ಹಿಡಿಯಿರಿ, ಕೆಲಸ ಶುರುವಾಗೋದು ಹಿಂಗಾರಿಗಲ್ಲ, ಜೂನ್‌ನಲ್ಲಿ. ಕಡಿಮೆ ಸಾರಜನಕದ ತಾಕು ಆಗಬೇಕಾದ ಪಟ್ಟಿಗೆ ಹೆಸರು, ಶೇಂಗಾ, ಸೋಯಾ ಯಾವುದೂ ಬೇಡ. ಗೋವಿನಜೋಳ ದಟ್ಟವಾಗಿ ಬಿತ್ತಿ, ಗೊಬ್ಬರ ಕೊಡಬೇಡಿ, ಮೇವಿಗೆ ಕೊಯ್ದು ಬುಡದ ಸಮೇತ ಹೊರಗೆ ಹಾಕಿಸಿ. ಅಕ್ಟೋಬರ್‌ನಲ್ಲಿ ಹತ್ತು ಹೆಜ್ಜೆಗೊಂದರಂತೆ ಮಣ್ಣು ತೆಗೆದು ನೈಟ್ರೇಟ್ ಪರೀಕ್ಷೆ ಮಾಡಿಸಿ, ಅಂಕಿಗಳನ್ನು ಹೊಲದ ನಕ್ಷೆಯ ಮೇಲೆ ಬರೆಯಿರಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ ಬಂದರೆ ಕೂರಿಗೆ ಹೂಡಿ. ಬರದಿದ್ದರೆ ಪಕ್ಕದ ಪಟ್ಟಿ ನೋಡಿ. ಮತ್ತೆ ಬದುವಿನ ಮೇಲೆ ಕೂತ ಅಜ್ಜನನ್ನು ಒಂದು ಮಾತು ಕೇಳಿ, ಹೋದ ಮುಂಗಾರಿಗೆ ಇಲ್ಲಿ ಏನಿತ್ರೀ ಅಂತ.